ಕೋಲು ಕೆಳಗಿಟ್ಟ ನಾಲ್ಕು ತಿಂಗಳು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟ ಬಸ್ಸು ಅರ್ಧ ಗಂಟೆಯ ಸುಮಾರಿಗೆ ಆಯನೂರನ್ನು ಸೇರುತ್ತದೆ. ಬಯಲುಸೀಮೆ ಪೂರ್ಣವಾಗಿ ಮುಗಿಯದ, ಮಲೆನಾಡು ಪೂರ್ಣವಾಗಿ ಆರಂಭವಾಗದ ಅರೆಮಲೆನಾಡಿನ ಊರು ಅದು. ಹೊಂಬುಜಕ್ಕೆ ಹೋಗುವ ಯಾತ್ರಿಕರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ರಿಪ್ಪನ್‌ಪೇಟೆಯ ದಾರಿಯನ್ನು ಹಿಡಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಈ ಊರಿನ ಒಬ್ಬ ಶ್ರಾವಕಿ ಆಷಾಢ ಶುಕ್ಲ ಚತುರ್ದಶಿಯ ದಿನ ತನ್ನ ಕೋಲಾಟದ ಎರಡು ಕೋಲುಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ದೀಪಾವಳಿಯವರೆಗೆ ಅವುಗಳನ್ನು ಮುಟ್ಟುವುದಿಲ್ಲವೆಂಬುದು ಆಕೆಯ ನಿಯಮ. ಹೊಂಬುಜದ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯಲ್ಲಿ, ಯಾರಿಗೂ ಕೇಳಿಸದಂತೆ, ಮನಸ್ಸಿನಲ್ಲಿಯೇ ಆಕೆ ಅದನ್ನು ಕೈಗೊಂಡಿದ್ದಳು.

ಇಷ್ಟು ಸಣ್ಣ ಸಂಗತಿಯನ್ನು ಬರೆಯಬೇಕೆ ಎಂದು ವಾಚಕರು ಕೇಳಬಹುದು. ನಾಲ್ಕು ತಿಂಗಳು ಕೋಲಾಟ ಬಿಡುವುದು ಮಾಸೋಪವಾಸವಲ್ಲ, ಸಂಪತ್ತಿನ ತ್ಯಾಗವೂ ಅಲ್ಲ. ಆದರೆ ಮಹಾವ್ರತಗಳ ವಿಷಯದಲ್ಲಿ ಗೃಹಸ್ಥರು ಕೈಮುಗಿದು ಸುಮ್ಮನಾಗುವುದೇ ಹೆಚ್ಚು; ಅವು ನಮ್ಮ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದು ಇಂತಹ ಸಣ್ಣ ಬಾಗಿಲಿನಿಂದಲೇ.

ಆಕೆಯ ತಂಡ ಹನ್ನೆರಡು ಮಂದಿಯದು. ಒಕ್ಕಲಿನ ಮನೆಯವರು, ಅಂಗಡಿಯ ಮನೆಯವರು, ಒಬ್ಬ ನಿವೃತ್ತ ಶಿಕ್ಷಕಿ, ಹೀಗೆ ಬೇರೆ ಬೇರೆ ಜಾತಿಮತಗಳ ಹೆಂಗಸರು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆ ಒಬ್ಬರ ಮನೆಯ ಅಂಗಳದಲ್ಲಿ ಸೇರುತ್ತಿದ್ದರು. ಮದುವೆ, ಜಾತ್ರೆ, ಗಣೇಶನ ಉತ್ಸವ, ನವರಾತ್ರಿ ಎಂದರೆ ಅವರಿಗೆ ಕರೆ ಬರುತ್ತಿತ್ತು. ಈ ತಂಡಕ್ಕೆ ಹೆಸರು ತಂದದ್ದು ಜಡೆ ಕೋಲಾಟ. ಎತ್ತರದಲ್ಲಿ ಕಟ್ಟಿದ ಬಳೆಯಿಂದ ಬಣ್ಣಬಣ್ಣದ ಹನ್ನೆರಡು ಹಗ್ಗಗಳು ಇಳಿಬಿದ್ದಿರುತ್ತವೆ. ಪ್ರತಿಯೊಬ್ಬಳ ಎಡಗೈಯಲ್ಲಿ ಒಂದು ಹಗ್ಗದ ತುದಿ, ಬಲಗೈಯಲ್ಲಿ ಒಂದು ಕೋಲು. ಆರು ಮಂದಿ ಒಂದು ದಿಕ್ಕಿಗೆ, ಆರು ಮಂದಿ ಅದಕ್ಕೆ ಎದುರು ದಿಕ್ಕಿಗೆ ಸುತ್ತುತ್ತ, ಎದುರಾದವಳ ಕೋಲಿಗೆ ಕೋಲು ಕೊಟ್ಟು, ಒಬ್ಬಳನ್ನು ಒಳಗಿನಿಂದ, ಮುಂದಿನವಳನ್ನು ಹೊರಗಿನಿಂದ ಹಾದುಹೋದರೆ ಮೇಲೆ ಹಗ್ಗಗಳು ತಾವಾಗಿಯೇ ಜಡೆಯಾಗಿ ಹೆಣೆದುಕೊಳ್ಳುತ್ತ ಬರುತ್ತವೆ. ಅನಂತರ ಅದೇ ಹೆಜ್ಜೆಗಳನ್ನು ಹಿಂದಕ್ಕೆ ಇಟ್ಟರೆ ಜಡೆ ಬಿಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೇ ತಿಂಗಳ ಹಬ್ಬಕ್ಕೆ ಕಂಬ ನೆಟ್ಟು ಪಟ್ಟಿಗಳನ್ನು ಹೆಣೆಯುವ ಕುಣಿತವೊಂದಿದೆ. ಅದರ ಲೆಕ್ಕವೂ ಇದೇ. ಇದರಲ್ಲಿ ಹೆಚ್ಚು ಚೆನ್ನಾಗಿ ಕುಣಿಯುವವಳು, ಕಡಿಮೆ ಚೆನ್ನಾಗಿ ಕುಣಿಯುವವಳು ಎಂಬುದಕ್ಕೆ ಬಹಳ ಅರ್ಥವಿಲ್ಲ. ಒಬ್ಬಳು ತಪ್ಪಿದರೆ ಹನ್ನೆರಡು ಮಂದಿಯ ಜಡೆಯೂ ಗಂಟಾಗುತ್ತದೆ.

ಅರ್ಥವಿಲ್ಲದ ಈ ಹೋಲಿಕೆಗೆ ಅರ್ಥ ಬಂದದ್ದು ಸ್ಪರ್ಧೆಗಳಿಂದ. ಮೊದಲು ಸುಮ್ಮನೆ ಆಡುತ್ತಿದ್ದವರು ಒಂದು ಬಾರಿ ಬಹುಮಾನ ಪಡೆದರು. ಮರುವರ್ಷ ಬಹುಮಾನಕ್ಕಾಗಿಯೇ ಆಡಿದರು. ಆ ವರ್ಷದ ವೈಶಾಖದಲ್ಲಿ ಹತ್ತಿರದ ಒಂದು ಊರಿನಲ್ಲಿ ಸ್ಪರ್ಧೆಯಿತ್ತು. ಈ ಶ್ರಾವಕಿಯ ಎದುರು ಜೋಡಿ, ಆಕೆಗೆ ಕೋಲು ಹಿಡಿಯುವುದನ್ನು ಕಲಿಸಿದ ನೆರೆಮನೆಯ ಹಿರಿಯಾಕೆ. ಗಂಡನನ್ನು ಕಳೆದುಕೊಂಡು ಹತ್ತು ವರ್ಷಗಳಾಗಿದ್ದ ಅವರಿಗೆ ಮೊಣಕಾಲಿನ ನೋವೂ ಇತ್ತು. ಜೋಡಿ ಕೋಲಿನ ಒಂದು ಸುತ್ತಿನಲ್ಲಿ ಅವರು ಅರ್ಧ ತಾಳ ಹಿಂದುಳಿದರು. ಎದುರು ಕೋಲು ಇರಬೇಕಾದ ಜಾಗದಲ್ಲಿ ಅವರ ಹೆಬ್ಬೆರಳಿತ್ತು. ಈಕೆಯ ಕೋಲು ಅದರ ಮೇಲೆ ಬಿತ್ತು.

ಆಟ ನಿಲ್ಲಲಿಲ್ಲ. ಹಿರಿಯಾಕೆ ತುಟಿ ಕಚ್ಚಿಕೊಂಡು ಆಡಿದರು. ಬಹುಮಾನವೂ ಬಂತು. ಆದರೆ ರಾತ್ರಿ ಮಲಗಿದಾಗ ಈಕೆಗೆ ಒಂದು ನೆನಪು ಮುಳ್ಳಿನಂತೆ ಚುಚ್ಚಿತು. ಕೋಲು ಬಿದ್ದ ಆ ಕ್ಷಣದಲ್ಲಿ ತನ್ನ ಕಣ್ಣು ಮೊದಲು ಹೋದದ್ದು ಆ ಬೆರಳಿನ ಕಡೆಗಲ್ಲ, ತೀರ್ಪುಗಾರರ ಕಡೆಗೆ. ಅವರು ನೋಡಿದರೋ ಇಲ್ಲವೋ ಎಂದು. ಮುಖದ ನಗುವನ್ನೂ ಆಕೆ ಬಿಟ್ಟಿರಲಿಲ್ಲ. ಮರುದಿನ ಹಿರಿಯಾಕೆಯ ಉಗುರು ಕಪ್ಪಾಗಿತ್ತು. “ಆಟದಲ್ಲಿ ಇದೆಲ್ಲ ಇದ್ದದ್ದೇ ತಂಗಿ” ಎಂದು ಅವರು ನಕ್ಕುಬಿಟ್ಟರು. ಆ ನಗುವಿನಿಂದ ಇವಳ ಸಂಕಟ ಇಮ್ಮಡಿಯಾಯಿತು.

ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಆಕೆ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದಳು. ಬಾಯಿಪಾಠ ಮಾಡಿದ ಪದಗಳು ತಮ್ಮ ಅರ್ಥವನ್ನು ತೋರಿಸಲು ಹೀಗೆ ಒಂದು ದಿನಕ್ಕಾಗಿ ಕಾಯುತ್ತವೆ. ತನ್ನಲ್ಲಿ ಕುಣಿಯುತ್ತಿದ್ದದ್ದು ಕಾಲೋ, ಮಾನಕಷಾಯವೋ ಎಂದು ಆಕೆಗೆ ಸಂಶಯ ಬಂತು. ಸಂಶಯ ಬಂದರೆ ಪರೀಕ್ಷಿಸುವುದು ಹೇಗೆ? ಆಟವನ್ನು ಮುಂದುವರಿಸುತ್ತಲೇ ಪರೀಕ್ಷಿಸುವುದು ಸಾಧ್ಯವಿಲ್ಲ. ಉಣ್ಣುತ್ತ ಹಸಿವನ್ನು ಅಳೆಯಲಾದೀತೆ?

ಇಲ್ಲಿ ಶ್ರಾವಕಾಚಾರದ ಒಂದು ಸೂಕ್ಷ್ಮ ಆಕೆಯ ನೆರವಿಗೆ ಬಂತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ತ್ಯಾಗವನ್ನು ಎರಡು ವಿಧವಾಗಿ ವಿಂಗಡಿಸುತ್ತಾರೆ. ಜೀವಾವಧಿಯವರೆಗೆ ಬಿಡುವುದು ಯಮ. ಕಾಲದ ಮಿತಿಯನ್ನಿಟ್ಟು ಬಿಡುವುದು ನಿಯಮ. ಆ ಮಿತಿ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಯಾವುದೂ ಆಗಬಹುದು. ಹೀಗೆ ಮಿತಿಯಿಟ್ಟು ಬಿಡಬಹುದಾದ ಭೋಗಗಳ ಪಟ್ಟಿಯನ್ನೂ ಆಚಾರ್ಯರು ಕೊಡುತ್ತಾರೆ. ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ವಸ್ತ್ರ, ಒಡವೆಗಳೊಡನೆ ಗೀತ ಸಂಗೀತಗಳೂ ಅಲ್ಲಿವೆ. ಸಂಗೀತವೆಂದರೆ ಅಲ್ಲಿ ನೃತ್ಯವಾದ್ಯಗಳಿಂದ ಕೂಡಿದ್ದು. ಅಂದರೆ ಕುಣಿತವನ್ನು ಕೆಲವು ಕಾಲ ಬಿಟ್ಟಿರುವುದು ಇಂದಿನವರು ಕಂಡುಹಿಡಿದ ಮನೋವಿಜ್ಞಾನದ ಉಪಾಯವಲ್ಲ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಊಟವೂ ಸ್ನಾನವೂ ಪಾಪಗಳಲ್ಲ. ಅವುಗಳ ಜೊತೆಯಲ್ಲಿ ನಿಂತಿರುವ ನೃತ್ಯವೂ ಪಾಪವೆಂದು ಅಲ್ಲಿ ನಿಂತಿಲ್ಲ. ಕುಣಿತವೆಂದರೆ ಮೂಗು ಮುರಿಯುವ ಕೆಲವು ಶ್ರಾವಕರು ನಮ್ಮಲ್ಲಿದ್ದಾರೆ. ಅವರು ಆದಿಪುರಾಣದ ಕಥೆಯನ್ನು ಕೇಳಿದ್ದರೂ ಜನ್ಮಾಭಿಷೇಕದ ಸಂದರ್ಭದಲ್ಲಿ ಸ್ವತಃ ಇಂದ್ರನು ಆನಂದದಿಂದ ನರ್ತಿಸಿದನೆಂಬುದನ್ನು ಮರೆತಿರುತ್ತಾರೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿಯನ್ನು ಶಾಸನಗಳು ಕೊಂಡಾಡುವುದು ಆಕೆಯ ಜಿನಭಕ್ತಿಗಾಗಿ ಮಾತ್ರವಲ್ಲ, ಗೀತ ವಾದ್ಯ ನೃತ್ಯಗಳಲ್ಲಿ ಆಕೆಗಿದ್ದ ಪರಿಣತಿಗಾಗಿಯೂ. 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟ ಆ ರಾಣಿಗೆ ಕಲೆಯೂ ವೈರಾಗ್ಯವೂ ಒಂದೇ ಬಾಳಿನಲ್ಲಿ ಹಿಡಿಸಿದವು.

ಆದರೆ ನಿಯಮ ಯಮಕ್ಕಿಂತ ಸುಲಭವೆಂದು ಭಾವಿಸುವುದು ರೂಢಿ. ಆಕೆಯ ಅತ್ತೆಯವರಿಗೂ ಹಾಗೆಯೇ ಕಂಡಿತು. “ಬಿಡೋದಾದ್ರೆ ಪೂರ್ತಿ ಬಿಡು. ನಿನ್ನ ವಯಸ್ಸಿಗೆ ಅದೇ ಲಕ್ಷಣ. ನಾಲ್ಕು ತಿಂಗಳು ಬಿಟ್ಟು ಮತ್ತೆ ಹಿಡಿಯೋದು ಎಂಥ ತ್ಯಾಗ?” ಎಂದು ಅವರು ಕೇಳಿದರು. ಮೇಲ್ನೋಟಕ್ಕೆ ಸರಿಯಾದ ಮಾತು. ಆದರೆ ಪೂರ್ತಿ ಬಿಡುವುದರಲ್ಲಿ ಒಂದು ಅನುಕೂಲವಿದೆ: ಬಿಟ್ಟ ವಸ್ತುವನ್ನು ಕೆಟ್ಟದ್ದೆಂದು ಹೇಳಿಕೊಂಡು ಸಮಾಧಾನಪಡಬಹುದು. ಕಾಲಮಿತಿಯಿಂದ ಬಿಟ್ಟವನಿಗೆ ಆ ಸಮಾಧಾನವಿಲ್ಲ. ವಸ್ತು ಒಳ್ಳೆಯದೇ, ನಾಳೆ ಅದರ ಬಳಿಗೆ ತಾನು ಮರಳಬೇಕು, ಮರಳುವಾಗ ಬೇರೆಯಾಗಿ ಮರಳಬೇಕು ಎಂಬ ಹೊರೆ ಅವನ ಮೇಲಿರುತ್ತದೆ. ದುಡುಕಿನಿಂದ ಯಮವನ್ನು ಹಿಡಿದು, ಆರು ತಿಂಗಳಲ್ಲಿ ಅದನ್ನು ಮುರಿದು, ನಾಚಿಕೆಯಿಂದ ಬಸದಿಯ ಬಾಗಿಲಿಗೂ ಬಾರದವರನ್ನು ಸಮಾಜ ಕಂಡಿದೆ.

ಚಾತುರ್ಮಾಸದ ಅವಧಿಯನ್ನೇ ಆಕೆ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮಳೆ ಹಿಡಿದ ಮೇಲೆ ಆ ಸೀಮೆಯ ನೆಲ ಜೀವಮಯವಾಗುತ್ತದೆ. ಎರೆಹುಳು, ಬಸವನಹುಳು, ಹೆಸರೇ ಇಲ್ಲದ ಸಣ್ಣ ಕೀಟಗಳು ಅಂಗಳದ ತುಂಬ ಹರಿದಾಡುತ್ತವೆ. ಮುನಿಗಳು ವಿಹಾರವನ್ನು ನಿಲ್ಲಿಸಿ ವರ್ಷಾಯೋಗ ಕೈಗೊಳ್ಳುವುದು ಇದಕ್ಕಾಗಿಯೇ. ಹನ್ನೆರಡು ಮಂದಿ ತಾಳಕ್ಕೆ ಸರಿಯಾಗಿ ಹೆಜ್ಜೆ ಕುಟ್ಟುವ ಒದ್ದೆ ಅಂಗಳದಲ್ಲಿ ಬೆಳಿಗ್ಗೆ ಗುಡಿಸುವಾಗ ಏನು ಕಾಣುತ್ತದೆಂಬುದನ್ನು ಗುಡಿಸಿದವರೇ ಬಲ್ಲರು. ಕರಾವಳಿಯಲ್ಲಿಯೂ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಅನಂತರ. ದೂರದ ಯುರೋಪಿನಲ್ಲಿ ಶತಮಾನಗಳ ಕಾಲ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನೃತ್ಯವನ್ನೂ ಮದುವೆಗಳ ಸಂಭ್ರಮವನ್ನೂ ನಿಲ್ಲಿಸುತ್ತಿದ್ದರು. ಕುಣಿಯುವ ಜನರೆಲ್ಲರೂ ಕುಣಿಯದಿರುವ ಒಂದು ಕಾಲವನ್ನು ಇಟ್ಟುಕೊಂಡಿದ್ದಾರೆಂದು ತೋರುತ್ತದೆ.

ಆದರೆ ನಿಂತದ್ದೆಲ್ಲ ನಿಯಮವಲ್ಲ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಆಯನೂರಿನ ಆ ಅಂಗಳದಲ್ಲಿಯೂ ಕೋಲಿನ ಸದ್ದು ನಿಂತಿತ್ತು. ಆಗ ಯಾರೂ ಏನನ್ನೂ ತ್ಯಜಿಸಿರಲಿಲ್ಲ, ಕಸಿದುಕೊಳ್ಳಲ್ಪಟ್ಟಿತ್ತು, ಅಷ್ಟೆ. ಮರಳಿ ಆರಂಭವಾದಾಗ ಅವರು ಹಸಿದವರಂತೆ ಕುಣಿದರು. ಸ್ಪರ್ಧೆಗಳ ಹುಚ್ಚು ಹತ್ತಿದ್ದು ಅದರ ಮೇಲೆಯೇ ಎಂದು ಈಗ ಆಕೆಗೆ ಅನಿಸುತ್ತದೆ.

ನಿಯಮವನ್ನು ಕೈಗೊಂಡದ್ದು ಒಳ್ಳೆಯದಾಯಿತು. ಆದರೆ ಕೈಗೊಂಡ ರೀತಿಯಲ್ಲಿ ಒಂದು ತಪ್ಪಿತ್ತು. ಅದು ಆಕೆಗೆ ತಿಳಿದದ್ದು ಮೂರನೆಯ ದಿನ. ಸಂಜೆ ಹಿರಿಯಾಕೆ ಮನೆಗೆ ಬಂದರು. ಈಕೆ ವಿಷಯವನ್ನು ಹೇಳಿದಳು, ಕಾರಣವನ್ನು ಹೇಳಲಿಲ್ಲ. ಹೇಳಿದರೆ ಅವರ ಮುಂದೆ ಪಶ್ಚಾತ್ತಾಪದ ಪ್ರದರ್ಶನವಾದೀತೆಂಬ ಅಳುಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ವ್ರತ ನಿನಗಿರಲಿ ತಂಗಿ, ಬೇಡ ಅನ್ನಲ್ಲ. ನನ್ನ ಕೋಲಿಗೆ ಕೋಲು ಕೊಡೋರು ಯಾರು?” ಎಂದರು.

ತಾಂಬೂಲವನ್ನು ಬಿಟ್ಟರೆ ಬಿಟ್ಟವನ ಬಾಯಿ ಮಾತ್ರ ಬರಿದಾಗುತ್ತದೆ. ಹೂವನ್ನು ಬಿಟ್ಟರೆ ಒಬ್ಬಳ ಮುಡಿ ಮಾತ್ರ. ಆದರೆ ಕೂಡಿ ಕುಣಿಯುವುದು ಒಬ್ಬರ ಭೋಗವಲ್ಲ. ಈಕೆ ತನ್ನ ಹಗ್ಗವನ್ನು ಕೆಳಗಿಟ್ಟ ಕೂಡಲೇ ಹನ್ನೊಂದು ಮಂದಿಯ ಜಡೆ ನಿಂತುಹೋಯಿತು. ಎದುರು ಜೋಡಿಯಿಲ್ಲದ ಹಿರಿಯಾಕೆಯಂತೂ ಸಂಜೆಯ ಆ ಒಂದು ಗಂಟೆಯನ್ನೇ ಕಳೆದುಕೊಂಡರು. ಮಗ ಸೊಸೆ ಬೆಂಗಳೂರಿನಲ್ಲಿ. ಮನೆಯಲ್ಲಿ ಅವರೂ ಟಿ.ವಿ.ಯೂ ಮಾತ್ರ. ಯಾರ ಬೆರಳಿನ ನೋವಿಗಾಗಿ ಈ ನಿಯಮ ಹುಟ್ಟಿತೋ, ಅದರ ಬೆಲೆಯನ್ನು ತೆರುವವರೂ ಅವರೇ ಆದರು. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿ ಇರುವುವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಆ ಮಾತನ್ನು ಸಮಾರಂಭಗಳ ವೇದಿಕೆಯ ಮೇಲೆ ಬರೆಸುವುದು ಸುಲಭ. ನಮ್ಮ ವೈರಾಗ್ಯವೂ ಇನ್ನೊಬ್ಬರ ತಟ್ಟೆಯಿಂದ ತುತ್ತು ಕಸಿಯಬಲ್ಲದೆಂಬುದನ್ನು ಅದರಿಂದ ಓದಿಕೊಳ್ಳುವವರು ಕಡಿಮೆ.

ಏನು ಮಾಡಬೇಕು? ನಿಯಮವನ್ನು ಮುರಿಯುವಂತಿಲ್ಲ. ಹಿರಿಯಾಕೆಯನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ತಂಡದಲ್ಲಿ ಆಗಲೇ, ಈಕೆಗೆ ಯಾವುದೋ ಮಾತಿಗೆ ಮುನಿಸು ಬಂದಿದೆಯೆಂದು ಗುಸುಗುಸು ಆರಂಭವಾಗಿತ್ತು. ಎಂಟು ದಿನಗಳ ಯೋಚನೆಯ ಮೇಲೆ ಆಕೆ ಅದೇ ಬೀದಿಯ ಒಬ್ಬ ಹುಡುಗಿಯನ್ನು ಕರೆತಂದಳು. ಶಿವಮೊಗ್ಗದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹತ್ತೊಂಬತ್ತರ ಹುಡುಗಿ. ಕೋಲನ್ನು ಎಂದೂ ಹಿಡಿದವಳಲ್ಲ. ಅವಳಿಗೆ ಕಲಿಸುವವರು ಯಾರು? ಕಲಿಸಿದರೆ ನಿಯಮ ಮುರಿದಂತಾಗದೆ?

ಅಹಿಂಸಾದಿ ಅಣುವ್ರತಗಳಲ್ಲಿ ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರನ್ನೂ ಆಚಾರ್ಯರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಕೊಲ್ಲದವನು ಕೊಲ್ಲಿಸಿದರೂ ಕೊಂದವನೇ. ಆ ಲೆಕ್ಕವನ್ನು ಇಲ್ಲಿಗೂ ತಂದರೆ ಆಕೆ ತಾಳವನ್ನೂ ಹಾಕುವಂತಿಲ್ಲ, ಕಿಟಕಿಯಿಂದ ನೋಡಿ ಭಲೆ ಎನ್ನುವಂತೆಯೂ ಇಲ್ಲ. ಆದರೆ ಆ ಲೆಕ್ಕ ಪಾಪಗಳಿಗೆ ಸಂಬಂಧಿಸಿದ್ದು. ಇಲ್ಲಿ ಬಿಟ್ಟದ್ದು ಪಾಪವಲ್ಲ, ಭೋಗ. ಬಿಟ್ಟವಳೂ ತನ್ನ ಪಾಲಿನದನ್ನು ಮಾತ್ರ ಬಿಟ್ಟವಳು. ಒಂದು ಹೊತ್ತು ಉಣ್ಣುವ ನಿಯಮವುಳ್ಳ ತಾಯಿ ಮಕ್ಕಳಿಗೆ ರಾತ್ರಿಯಾಗುವ ಮೊದಲು ಅಡಿಗೆ ಮಾಡಿ ಬಡಿಸುವುದಿಲ್ಲವೆ? ಆಕೆಯ ನಿರ್ಧಾರವೂ ಅದೇ ಆಯಿತು. ಕೋಲನ್ನು ಮುಟ್ಟದೆ, ಹೆಜ್ಜೆಯನ್ನು ಹಾಕದೆ, ಜಗಲಿಯ ಮೇಲೆ ಕುಳಿತು ಬಾಯಿಯಿಂದ ಹೇಳಿಕೊಡುವುದು. ಮಳೆಯ ದಿನಗಳಾದ್ದರಿಂದ ಅಭ್ಯಾಸವನ್ನು ನಿವೃತ್ತ ಶಿಕ್ಷಕಿಯ ಮನೆಯ ಸಿಮೆಂಟಿನ ಪಡಸಾಲೆಗೆ ಬದಲಾಯಿಸಲಾಯಿತು. ಅಂಗಳದ ಹುಳುಗಳ ಮಾತನ್ನು ಆಕೆ ಆಡಿದಾಗ ಯಾರೂ ನಗಲಿಲ್ಲ, ಎಲ್ಲರೂ ಗುಡಿಸಿದವರೇ.

ಕುಳಿತು ನೋಡುವುದು ಕುಣಿಯುವುದಕ್ಕಿಂತ ಕಷ್ಟವೆಂದು ಆಕೆಗೆ ಅಲ್ಲಿ ತಿಳಿಯಿತು. ಹುಡುಗಿ ಒಂದು ತಿಂಗಳಲ್ಲಿ ಕಲಿತಳು. ಇನ್ನೊಂದು ತಿಂಗಳಲ್ಲಿ ಕಲಿಸಿದವಳಿಗಿಂತ ಹಗುರವಾಗಿ ತಿರುಗಿದಳು. ಹಿರಿಯಾಕೆ ಅರ್ಧ ತಾಳ ತಡವಾದರೆ ಹುಡುಗಿಯೂ ಅರ್ಧ ತಾಳ ಕಾಯುತ್ತಿದ್ದಳು. ಯಾರೂ ಕಲಿಸಿಕೊಟ್ಟದ್ದಲ್ಲ ಅದು. ಆ ಹತ್ತು ವರ್ಷಗಳಲ್ಲಿ ತನಗೇಕೆ ಅದು ಹೊಳೆಯಲಿಲ್ಲವೆಂದು ಈಕೆ ಯೋಚಿಸಿದಳು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವದ ದಿನ ಬಸದಿಯಲ್ಲಿ ಪ್ರವಚನ ಕೇಳುವಾಗ ಎಲ್ಲರಂತೆ ತಲೆಯಾಡಿಸಲು ಆಕೆಗೆ ಆಗಲಿಲ್ಲ.

ನವರಾತ್ರಿ ಬಂತು. ಜೈನರ ಮನೆಗಳಲ್ಲಿ ಜೀವದಯಾಷ್ಟಮಿಯ ಸಿದ್ಧತೆ, ಊರಿನಲ್ಲಿ ದಸರೆಯ ಗದ್ದಲ. ತಂಡಕ್ಕೆ ಒಂದು ವೇದಿಕೆಯಲ್ಲಿ ಜಡೆ ಕೋಲಾಟದ ಕರೆಯಿತ್ತು. ಸ್ಪರ್ಧೆಯಲ್ಲ, ಬರಿಯ ಆಟ. ಈಕೆ ಜನರ ನಡುವೆ ಹಿಂದಿನ ಸಾಲಿನಲ್ಲಿ ಕುಳಿತಳು. ಹಾಡು ಎದ್ದಿತು, ಹಗ್ಗಗಳು ಇಳಿದವು, ಜಡೆ ಹೆಣೆದುಕೊಂಡಿತು. ಹನ್ನೆರಡು ಎಳೆಗಳ, ಎಲ್ಲಿಯೂ ಒಂದು ಗಂಟಿಲ್ಲದ ಜಡೆ. ಜನರು ಚಪ್ಪಾಳೆ ತಟ್ಟಿದರು. ಯಾರೂ ಅತ್ತ ಇತ್ತ ನೋಡಲಿಲ್ಲ, ಹಿಂದಿನ ವರ್ಷ ಇದ್ದವಳು ಎಲ್ಲಿ ಎಂದು ಯಾರೂ ಕೇಳಲಿಲ್ಲ.

941ರಲ್ಲಿ ಪಂಪನು ರಚಿಸಿದ ಆದಿಪುರಾಣವನ್ನು ಓದಿದವರಿಗೆ, ಓದದಿದ್ದರೂ ಬಸದಿಯಲ್ಲಿ ಕೇಳಿದವರಿಗೆ, ನೀಲಾಂಜನೆಯ ನೃತ್ಯ ಗೊತ್ತಿರುವ ಪ್ರಸಂಗ. ಆದಿದೇವನ ಸಭೆಯಲ್ಲಿ ಕುಣಿಯುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರನು ಕಣ್ಣೆವೆ ಮುಚ್ಚುವುದರೊಳಗೆ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ನೃತ್ಯ ಮುಂದುವರಿಯಿತು, ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಆದಿದೇವನಿಗೆ ಮಾತ್ರ. ಈ ಕಥೆಯನ್ನು ಹೇಳುವವರೆಲ್ಲರೂ ಆದಿದೇವನ ಸ್ಥಾನದಲ್ಲಿ ನಿಂತು ಹೇಳುತ್ತಾರೆ. ಸಂಸಾರದ ಅಸ್ಥಿರತೆಯನ್ನು ಕಂಡು ಅವನು ವಿರಕ್ತನಾದನೆನ್ನುತ್ತಾರೆ. ಆ ರಾತ್ರಿ ಹಿಂದಿನ ಸಾಲಿನಲ್ಲಿ ಕುಳಿತಿದ್ದವಳು ಬಹುಶಃ ಮೊದಲ ಬಾರಿಗೆ ಅದನ್ನು ನೀಲಾಂಜನೆಯ ಸ್ಥಾನದಿಂದ ಕಂಡಳು. ತನ್ನ ಜಾಗ ತನ್ನದಾಗಿರಲಿಲ್ಲ. ಅದು ನೋಯಿಸಿತು. ನೋಯಿಸಬಾರದಿತ್ತು ಎಂದು ಹೇಳುವುದು ಸುಲಭ. ತಾನೇ ತರಬೇತು ಕೊಟ್ಟ ಹುಡುಗಿ ತಪ್ಪದೆ ಆಡಿದಳೆಂದು ಸಂತೋಷಪಡಬೇಕಾದ ಹೊತ್ತಿನಲ್ಲಿ, ಎಲ್ಲಿಯಾದರೂ ಒಂದು ಹೆಜ್ಜೆ ತಪ್ಪಲಿ ಎಂದು ಮನಸ್ಸಿನ ಯಾವುದೋ ಮೂಲೆ ಹಾರೈಸಿದ್ದನ್ನು ಆಕೆ ಸ್ಪಷ್ಟವಾಗಿ ಕಂಡಳು. ವೈಶಾಖದ ಆ ರಾತ್ರಿಯ ಸಂಶಯಕ್ಕೆ ಉತ್ತರ ಸಿಕ್ಕಿತು. ಉತ್ತರ ಇಷ್ಟವಾದದ್ದಾಗಿರಲಿಲ್ಲ.

ಆಟ ಮುಗಿದ ಮೇಲೆ ಹಿರಿಯಾಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಜನರ ನಡುವೆ ದಾರಿ ಮಾಡಿಕೊಂಡು ಹಿಂದಿನ ಸಾಲಿಗೆ ಬಂದರು. ಪಕ್ಕದಲ್ಲಿ ಕುಳಿತು, “ಹುಡುಗಿ ಚೆನ್ನಾಗಿ ಆಡ್ತಾಳೆ. ಆದ್ರೆ ಅವಳ ಕೋಲಿನ ಸದ್ದೇ ಬೇರೆ. ಕಣ್ಣು ಮುಚ್ಚಿದ್ರೂ ನೀನಲ್ಲ ಅಂತ ಗೊತ್ತಾಗುತ್ತೆ” ಎಂದರು. ಆಗ ಈಕೆ ಬೆರಳಿನ ಮಾತನ್ನು, ತೀರ್ಪುಗಾರರ ಕಡೆ ನೋಡಿದ ಮಾತನ್ನು ಹೇಳಿದಳು. ಅವರು ಹೆಬ್ಬೆರಳನ್ನು ದೀಪದ ಬೆಳಕಿಗೆ ಹಿಡಿದು ತೋರಿಸಿದರು. ಕಪ್ಪು ಉಗುರು ಮುಂದೆ ಮುಂದೆ ಸರಿದು ಉದುರಿಹೋಗಿ ಹೊಸದು ಹೆಚ್ಚುಕಡಿಮೆ ಪೂರ್ತಿ ಬಂದಿತ್ತು. “ನೀನು ನೋಡಿದ್ದನ್ನ ನಾನೂ ನೋಡಿದ್ದೆ ತಂಗಿ” ಎಂದಷ್ಟೇ ಹೇಳಿ ಅವರು ಕಡಲೆಕಾಯಿಯ ಪೊಟ್ಟಣವನ್ನು ಈಕೆಯ ಕೈಗಿತ್ತರು.

ದೀಪಾವಳಿಯ ಬೆಳಗಿನ ಜಾವ ಮಹಾವೀರ ಸ್ವಾಮಿಯ ನಿರ್ವಾಣಪೂಜೆಯನ್ನು ಮುಗಿಸಿ ಬಂದು ಆಕೆ ಅಟ್ಟದಿಂದ ಕೋಲುಗಳನ್ನು ಇಳಿಸಿದಳು. ಮಳೆಗಾಲದ ತೇವಕ್ಕೆ ಬೂಸಲು ಹಿಡಿದಿತ್ತು. ಒರೆಸಿ ಎಣ್ಣೆ ಹಚ್ಚಿದಳು. ಸಂಜೆ ಪಡಸಾಲೆಯಲ್ಲಿ ಹುಡುಗಿ, “ಬನ್ನಿ ಅಕ್ಕ, ನಿಮ್ಮ ಹಗ್ಗ” ಎಂದು ತುದಿಯನ್ನು ಚಾಚಿದಳು. ಈಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಹುಡುಗಿ ಹೊರಗೆ, ಹೊಸ ಹಗ್ಗವನ್ನು ಕಟ್ಟಿದರೆ ಹದಿಮೂರು. ಹದಿಮೂರಕ್ಕೆ ಜಡೆ ಬೀಳುವುದಿಲ್ಲ. ಹಿರಿಯಾಕೆ ಎಣಿಸಿ ನೋಡಿ, “ಇನ್ನೊಬ್ಬಳನ್ನ ಹುಡುಕು, ಹದಿನಾಲ್ಕಾಗುತ್ತೆ” ಎಂದರು.

ಅಂದಿನಿಂದ ಆಕೆ ಮನೆಮನೆಗೆ ಹೋಗಿ ಕೇಳುತ್ತಿದ್ದಾಳೆ. ಇಬ್ಬರು ಬಂದು ವಾರದಲ್ಲಿ ಬಿಟ್ಟರು. ಒಬ್ಬಳಿಗೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಹದಿನಾಲ್ಕನೆಯವಳು ಸಿಗುವವರೆಗೆ ಜೋಡಿ ಕೋಲಿನ ಆಟಗಳಲ್ಲಿ ಯಾರಿಗಾದರೂ ಕಾಲುನೋವು ಬಂದ ದಿನ ಅವರ ಜಾಗದಲ್ಲಿ ನಿಲ್ಲುತ್ತಾಳೆ. ಜಡೆ ಕಟ್ಟುವ ಹೊತ್ತಿಗೆ ಹಾಡು ಹೇಳುವವರ ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಾಳೆ. ಹಿರಿಯಾಕೆಯ ಸರದಿ ಬಂದಾಗ ತಾಳವನ್ನು ಅರ್ಧ ಮಾತ್ರೆ ಎಳೆಯುತ್ತಾಳೆ.